ಹಂಡೆಗೊಂದು ಹಬ್ಬವಿತ್ತು, ಗ್ಯಾಸ್ ಗೀಸರ್‌ಗೆ?

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಚಿತ್ರದುರ್ಗದ ಹಿರೇಗುಂಟನೂರು ಸೀಮೆಯ ಹಳ್ಳಿಗಳಲ್ಲಿ ಅವತ್ತು ಬಚ್ಚಲುಮನೆಯ ತಾಮ್ರದ ಹಂಡೆ ಒಲೆಯಿಂದ ಕೆಳಗಿಳಿಯುತ್ತಿತ್ತು. ಹುಣಸೆಹಣ್ಣು, ಬೂದಿ ಹಚ್ಚಿ ಅದನ್ನು ತಿಕ್ಕುವವರು ಒಬ್ಬರು, ತಳಕ್ಕಂಟಿದ ಮಸಿ ಕೆರೆಯುವವರು ಇನ್ನೊಬ್ಬರು. ಒಲೆಯ ಹೊಟ್ಟೆಯೊಳಗಿನ ಬೂದಿ ಬಾಚಿ ತಿಪ್ಪೆಗೆ ಸುರಿದು, ಬಿರುಕು ಬಿಟ್ಟ ಕಡೆ ಮಣ್ಣು ಮೆತ್ತಿ, ಹೊಗೆಗಂಡಿಯಲ್ಲಿ ಕಟ್ಟಿಕೊಂಡ ಇಲ್ಲಣ, ಜೇಡರ ಬಲೆ ತೆಗೆದ ಮೇಲೆಯೇ ಸುಣ್ಣ–ಕೆಮ್ಮಣ್ಣಿನ ಪಟ್ಟೆ, ಕೊರಳಿಗೆ ಬಳ್ಳಿ, ಪೂಜೆ. ಹಂಡೆಯ ತಳ ತೆಳುವಾಗಿದೆಯೇ, ಸೋರುತ್ತಿದೆಯೇ ಎಂಬುದು ಆ ಸಂಜೆಯೇ ಗೊತ್ತಾಗಿ, ಮಾರನೇ ವಾರ ಬೆಸುಗೆಯವನ ಮನೆ ಸೇರುತ್ತಿತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ವಾರ್ಷಿಕ ಸರ್ವಿಸ್. ಅದೂ ಚಳಿಗಾಲ ಶುರುವಾಗುವ ಹೊಸ್ತಿಲಲ್ಲಿ.

ಹಂಡೆ ಈಗ ಅನೇಕ ಮನೆಗಳಲ್ಲಿ ಅಟ್ಟ ಸೇರಿದೆ. ಅದರ ಜಾಗಕ್ಕೆ ಬಂದದ್ದು ಗೋಡೆಗೆ ನೇತುಹಾಕಿದ ಬಿಳಿ ಡಬ್ಬಿ, ಗ್ಯಾಸ್ ಗೀಸರ್. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರುಗಳಲ್ಲಿ ಅದಕ್ಕೆ ಬೇಡಿಕೆ ಹೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ದಪ್ಪ ಸೆಲ್ ಹಾಕಿ ನಲ್ಲಿ ತಿರುಗಿಸಿದರೆ ಟಕ್ ಟಕ್ ಎಂದು ಕಿಡಿ ಹಾರಿ, ನಿಮಿಷದೊಳಗೆ ಬಿಸಿನೀರು. ಸೌದೆ ಇಲ್ಲ, ಊದುವುದಿಲ್ಲ, ಕಣ್ಣುರಿ ಇಲ್ಲ. ಆದರೆ ಈ ಡಬ್ಬಿಯ ಮುಚ್ಚಳವನ್ನು ಯಾವ ಹಬ್ಬಕ್ಕೂ ಯಾರೂ ತೆಗೆಯುವುದಿಲ್ಲ. ಹೆಚ್ಚೆಂದರೆ ಆಯುಧಪೂಜೆಗೆ ಕುಂಕುಮದ ಬೊಟ್ಟು ಬೀಳುತ್ತದೆ.

ಮನೆಯೊಳಗೆ ಉರಿಯುವ ಯಾವುದೇ ಒಲೆ ಕೆಡುವ ಮೊದಲು ಸೂಚನೆ ಕೊಡುತ್ತದೆ. ಬಣ್ಣದಲ್ಲಿ, ಸದ್ದಿನಲ್ಲಿ, ವಾಸನೆಯಲ್ಲಿ, ಕೆಲವೊಮ್ಮೆ ನಮ್ಮದೇ ತಲೆನೋವಿನಲ್ಲಿ. ಅವುಗಳಲ್ಲಿ ನಾವೇ ಸರಿಮಾಡಬಹುದಾದದ್ದು ಯಾವುದು, ನಾಳೆ ಮೆಕ್ಯಾನಿಕ್ ಕರೆಸಬೇಕಾದದ್ದು ಯಾವುದು, ಈ ಕ್ಷಣವೇ ಬಂದ್ ಮಾಡಿ ಹೊರಗೆ ಬರಬೇಕಾದದ್ದು ಯಾವುದು ಎಂಬುದಷ್ಟು ಗೊತ್ತಿರಬೇಕು.

ಮನೆ ಬದಲಾಯಿತು, ಬೆಂಕಿ ಬದಲಾಗಲಿಲ್ಲ

ಚಿತ್ರದುರ್ಗದ ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ಮಣ್ಣಿನ ದಪ್ಪ ಗೋಡೆ, ಕಿಟಕಿ ಕಡಿಮೆ, ನಿಜ. ಆದರೆ ಅಡುಗೆಮನೆಯ ಮೇಲೊಂದು ಬೆಳಕಿಂಡಿ, ಬಚ್ಚಲಿಗೆ ನೆಟ್ಟಗೆ ಮುಚ್ಚದ ಬಾಗಿಲು, ಎಷ್ಟೋ ಕಡೆ ತಟ್ಟಿಯ ಮರೆ. ಹೊಗೆ ಕಣ್ಣಿಗೆ ಹತ್ತುತ್ತಿತ್ತು, ಕೆಮ್ಮು ಬರುತ್ತಿತ್ತು, ಮನುಷ್ಯ ತಾನಾಗಿಯೇ ಹೊರಗೆ ಬರುತ್ತಿದ್ದ. ಸೌದೆ ಹೊಗೆ ಒಳ್ಳೆಯದೆಂದಲ್ಲ, ಅದು ತಲೆಮಾರುಗಳ ಹೆಂಗಸರ ಶ್ವಾಸಕೋಶ ತಿಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ಕೊಳವೆಯ ಒಲೆ ರೂಪಿಸಿದ್ದೇ ಆ ಹೊಗೆಯನ್ನು ಸೂರಿನ ಮೇಲಕ್ಕೆ ಕಳಿಸಲು, ಜೊತೆಗೆ ಸೌದೆ ಉಳಿಸಲು. ಆದರೂ ಸೌದೆ ಹೊಗೆ ಬಚ್ಚಿಟ್ಟುಕೊಂಡು ಬರುತ್ತಿರಲಿಲ್ಲ.

ಈಗಿನ ಆರ್‌ಸಿಸಿ ಮನೆಯ ಬಚ್ಚಲು ಬೇರೆಯೇ. ನಾಲ್ಕಡಿ ಅಗಲ, ಆರಡಿ ಉದ್ದ, ಸೂರಿನವರೆಗೆ ಟೈಲ್ಸು, ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಬಾಗಿಲು, ಮೇಲೊಂದು ಪುಟ್ಟ ಗಾಜಿನ ಕಿಟಕಿ. ಮಾರ್ಗಶಿರದ ಚಳಿಗೆ ಆ ಕಿಟಕಿಗೂ ರಟ್ಟು ಸಿಕ್ಕಿಸುತ್ತಾರೆ, ಇಲ್ಲವೇ ಹಲ್ಲಿ–ಪಾರಿವಾಳದ ಕಾಟಕ್ಕೆ ಹಳೆ ಬಟ್ಟೆ ತುರುಕುತ್ತಾರೆ. ಅಂಥ ಕೋಣೆಯೊಳಗೆ ಗ್ಯಾಸ್ ಗೀಸರ್ ಉರಿಯುತ್ತದೆ.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಸಾಮಾನ್ಯ ಗ್ಯಾಸ್ ಗೀಸರ್‌ನ ಉರಿ ಅಡುಗೆಮನೆಯ ನಾಲ್ಕೈದು ಬರ್ನರ್‌ಗಳನ್ನು ಒಟ್ಟಿಗೆ ಹೊತ್ತಿಸಿದಷ್ಟು. ಒಂದು ಕಿಲೋ ಅನಿಲ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ ಗೀಸರ್ ಎರಡು ಘನ ಮೀಟರ್‌ನಷ್ಟು ಗಾಳಿಯನ್ನು ನುಂಗುತ್ತದೆ. ಬಚ್ಚಲಿನಲ್ಲಿ ಇರುವುದೇ ಐದೂವರೆ ಘನ ಮೀಟರ್. ಗಾಳಿ ಸಾಲದಾದಾಗ ಉರಿ ಆರಿಬಿಡುವುದಿಲ್ಲ. ಅರೆಬರೆ ಉರಿಯುತ್ತದೆ, ಅರೆಬರೆ ಉರಿದದ್ದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ. ಮೊದಲು ತಲೆ ಭಾರ, ಆಮೇಲೆ ಕಾಲಲ್ಲಿ ಬಲವಿಲ್ಲದಂತೆ, ಆಮೇಲೆ ಚಿಲಕ ತೆಗೆಯಬೇಕೆಂದು ತಿಳಿದರೂ ಕೈ ಏಳುವುದಿಲ್ಲ.

2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಬಳಿಯ ತರಬನಹಳ್ಳಿಯಲ್ಲಿ ಯುವ ಜೋಡಿಯೊಂದು ಹೀಗೆ ಬಚ್ಚಲುಮನೆಯಲ್ಲಿ ಪ್ರಾಣ ಬಿಟ್ಟಿತು. ಕಿಟಕಿ ಬಾಗಿಲು ಮುಚ್ಚಿದ್ದವು, ಗ್ಯಾಸ್ ಗೀಸರ್ ಉರಿಯುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಅಕ್ಕ–ತಂಗಿ ಇಬ್ಬರೂ ಸ್ನಾನಕ್ಕೆಂದು ಹೋದವರು ಉಳಿಯಲಿಲ್ಲ. ಇಂಥ ಸುದ್ದಿಗಳ ಶೀರ್ಷಿಕೆಗಳಲ್ಲಿ ‘ಗೀಸರ್ ಅನಿಲ ಸೋರಿಕೆ’ ಎಂದೇ ಇರುತ್ತದೆ. ಓದಿದವರು ವಾಸನೆ ಬಂದರೆ ನೋಡಿಕೊಳ್ಳೋಣ ಎಂದುಕೊಂಡು ಸುಮ್ಮನಾಗುತ್ತಾರೆ. ಅನಿಲ ಹನಿಯಷ್ಟೂ ಸೋರದೆ, ಗೀಸರ್ ಚೆನ್ನಾಗಿ ಉರಿಯುತ್ತಿರುವಾಗಲೇ ಈ ಸಾವು ಬರಬಲ್ಲದು ಎಂಬುದನ್ನು ಆ ಪದ ಮರೆಸಿಬಿಡುತ್ತದೆ.

ನೀಲಿ, ಹಳದಿ, ಮಸಿ

ಒಲೆಯ ಆರೋಗ್ಯ ನೋಡಲು ಉಪಕರಣ ಬೇಡ, ಕಣ್ಣು ಸಾಕು. ಸರಿಯಾಗಿ ಉರಿಯುವ ಅನಿಲದ ಜ್ವಾಲೆ ನೀಲಿ, ಚೂಪು, ನಿಶ್ಚಲ. ಗೀಸರ್‌ನ ಮುಂಭಾಗದ ಪುಟ್ಟ ಕಿಂಡಿಯಲ್ಲಿ ಇಣುಕಿದರೆ ಸಾಲಾಗಿ ನೀಲಿ ನಾಲಿಗೆಗಳು ಕಾಣಬೇಕು. ಅವು ಹಳದಿಯಾಗಿ, ಉದ್ದುದ್ದವಾಗಿ, ಸೋಮಾರಿಯಂತೆ ತೂಗಾಡುತ್ತಿದ್ದರೆ ಒಳಗೆ ಗಾಳಿ ಸಾಲುತ್ತಿಲ್ಲ ಅಥವಾ ಬರ್ನರ್ ಕಟ್ಟಿಕೊಂಡಿದೆ. ಅವತ್ತಿನಿಂದ ಗೀಸರ್ ಬಂದ್. ರಿಪೇರಿಯಾಗುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳುವುದು.

ಅಡುಗೆ ಒಲೆಯ ವಿಷಯದಲ್ಲಿ ಇಷ್ಟು ಗಾಬರಿ ಬೇಕಿಲ್ಲ. ಉಪ್ಪಿನ ಕಣ ಬಿದ್ದರೂ, ಹಾಲು ಉಕ್ಕಿ ಬರ್ನರ್ ತೂತು ಮುಚ್ಚಿದರೂ ಉರಿ ಕಿತ್ತಳೆಯಾಗುತ್ತದೆ. ಸಿಲಿಂಡರ್ ಖಾಲಿಯಾಗುವ ಕೊನೆಯ ಒಂದೆರಡು ದಿನವೂ ಉರಿ ಕೆಂಪಗೆ ತಿರುಗುತ್ತದೆ, ಪಾತ್ರೆಗೆ ಮಸಿ ಹತ್ತುತ್ತದೆ. ತಳದಲ್ಲಿ ಉಳಿದ ಭಾರದ ಅಂಶ ಕೊನೆಗೆ ಉರಿಯುವುದರಿಂದ ಹೀಗಾಗುತ್ತದೆ. ಅದೇ ಕಾರಣಕ್ಕೆ ಕೊನೆಕೊನೆಗೆ ಗ್ಯಾಸಿನ ವಾಸನೆಯೂ ತುಸು ಜೋರು. ‘ಉರಿ ಕೆಂಪಾಯ್ತು, ಬುಕ್ ಮಾಡು’ ಎಂದು ಅಡುಗೆಮನೆಯವರು ಹೇಳುವುದು ಅನುಭವದ ಮಾತೇ. ಬರ್ನರ್‌ನ ಹಿತ್ತಾಳೆ ತಟ್ಟೆ ತೆಗೆದು, ಬಿಸಿ ಸೋಪುನೀರಲ್ಲಿ ತಿಕ್ಕಿ, ತೂತುಗಳನ್ನು ಪಿನ್ನಿನಲ್ಲಿ ಬಿಡಿಸಿ, ಒಣಗಿಸಿ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಹೊಸ ಸಿಲಿಂಡರ್ ಹಾಕಿದ ಮೇಲೂ, ತೊಳೆದ ಮೇಲೂ ಹಳದಿಯೇ ಉಳಿದರೆ ಮೆಕ್ಯಾನಿಕ್ ಬೇಕು. ಬರ್ನರ್ ತೊಳೆಯುವುದು ಮನೆಯವರ ಕೆಲಸ. ನಾಬ್ ಒಳಗಿನ ವಾಲ್ವು, ಜೆಟ್ಟು, ರೆಗ್ಯುಲೇಟರ್‌ಗಳಿಗೆ ಸ್ಕ್ರೂಡ್ರೈವರ್ ಹಾಕುವುದು ಮನೆಯವರ ಕೆಲಸವಲ್ಲ.

ಮಸಿ ಇನ್ನೂ ಗಟ್ಟಿ ಸಾಕ್ಷಿ. ಗೀಸರ್‌ನ ಮೇಲ್ಭಾಗದ ಗೋಡೆ ಅಥವಾ ಸೂರು ಕಪ್ಪಾಗಿದ್ದರೆ, ಡಬ್ಬಿಯ ಮುಂಭಾಗದ ಬಿಳಿ ಬಣ್ಣ ಕಂದು ತಿರುಗಿದ್ದರೆ, ಹೊಗೆ ಹೋಗಬೇಕಾದ ದಾರಿಯಲ್ಲಿ ಹೋಗುತ್ತಿಲ್ಲ. ಸುಣ್ಣ ಬಳಿದು ಆ ಕಲೆ ಮುಚ್ಚಬೇಡಿ. ಮೆಕ್ಯಾನಿಕ್ ನೋಡಬೇಕಾದ್ದು ಅದನ್ನೇ.

ಇನ್ನು ಕಿವಿಗೆ ಬೀಳುವ ಸೂಚನೆಗಳು. ನಲ್ಲಿ ತಿರುಗಿಸಿ ಎರಡು ಮೂರು ಸೆಕೆಂಡು ಕಿಡಿ ಹಾರಿದ ಮೇಲೆ ‘ಧಪ್’ ಎಂದು ಹೊತ್ತಿಕೊಂಡರೆ, ಅಷ್ಟು ಹೊತ್ತು ಬಂದ ಅನಿಲ ಡಬ್ಬಿಯೊಳಗೆ ಶೇಖರವಾಗಿ ಒಮ್ಮೆಗೇ ಉರಿದಿದೆ ಎಂದರ್ಥ. ಸೆಲ್ ಬಲ ಕುಂದಿರಬಹುದು. ಮೊದಲು ಅದನ್ನು ಬದಲಿಸಿ ನೋಡಿ. ಹೊಸ ಸೆಲ್ಲಿಗೂ ಧಪ್ ಎಂದರೆ ಮತ್ತೆ ಹೊತ್ತಿಸಬಾರದು. ಇನ್ನೊಂದು, ಒಳಗೆ ಕೆಟಲ್ ಕುದಿಯುವ ಹಾಗೆ ಗುಡುಗುಡು ಸದ್ದು. ಇದು ನಮ್ಮ ಜಿಲ್ಲೆಯ ಖಾಸಗಿ ಕಾಯಿಲೆ ಎನ್ನಬಹುದು. ಹಿರಿಯೂರು, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಬೋರ್‌ವೆಲ್ ನೀರಿನ ಗಡಸು ಗೊತ್ತಿದ್ದದ್ದೇ. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಚಕ್ಕೆ ಗೀಸರ್‌ನ ತಾಮ್ರದ ಕೊಳವೆಯೊಳಗೂ ಹತ್ತುತ್ತದೆ. ಕೊಳವೆ ಸಣ್ಣಗಾಗಿ ನೀರು ಅಲ್ಲೇ ಕುದಿಯತೊಡಗುತ್ತದೆ, ತಾಮ್ರ ಅತಿಯಾಗಿ ಕಾಯುತ್ತದೆ. ಕೊನೆಗೊಂದು ದಿನ ಕೊಳವೆ ಬಿರಿದು ನೀರು ಉರಿಯ ಮೇಲೆ ಸುರಿಯುತ್ತದೆ. ಬಿಸಿನೀರಿನ ಧಾರೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದ್ದರೆ ಅದೇ ಸೂಚನೆ. ಸುಣ್ಣದ ಚಕ್ಕೆ ತೆಗೆಸಲು ಮೆಕ್ಯಾನಿಕ್‌ಗೆ ಹೇಳಿ. ಆ್ಯಸಿಡ್ ತಂದು ನೀವೇ ಸುರಿಯುವ ಸಾಹಸ ಬೇಡ.

ಆಷಾಢದ ಗಾಳಿಯದ್ದು ಮತ್ತೊಂದು ಕಥೆ. ಜೋಗಿಮಟ್ಟಿಯ ಗುಡ್ಡಗಳಿಂದ ಹೊಸದುರ್ಗದ ಕಡೆಯವರೆಗೂ ಗಾಳಿಗಿರಣಿಗಳನ್ನು ನೆಟ್ಟದ್ದು ಸುಮ್ಮನೆ ಅಲ್ಲ. ಆ ಸೀಮೆಯ ಗಾಳಿಗೆ ಅಷ್ಟು ಕಸುವಿದೆ. ಅದೇ ಗಾಳಿ ಪಶ್ಚಿಮಕ್ಕೆ ಬಾಯಿ ತೆರೆದ ಹೊಗೆಕೊಳವೆಯೊಳಗೆ ನುಗ್ಗಿ ಹೊಗೆಯನ್ನು ಮನೆಯೊಳಕ್ಕೇ ತಳ್ಳುತ್ತದೆ. ಜೂನ್–ಜುಲೈಯಲ್ಲಿ ಗೀಸರ್ ಉರಿ ಪದೇಪದೇ ಆರುತ್ತಿದ್ದರೆ, ಜ್ವಾಲೆ ಮುಂದಕ್ಕೆ ನಾಲಗೆ ಚಾಚುತ್ತಿದ್ದರೆ, ಕೊಳವೆಯ ತುದಿಗೆ ಟೋಪಿ ಇಲ್ಲ ಅಥವಾ ದಿಕ್ಕು ತಪ್ಪಿದೆ. ಕೊಳವೆಯಲ್ಲಿ ಗುಬ್ಬಿ ಗೂಡು ಕಟ್ಟಿರುವುದೂ ಉಂಟು. ಸೌದೆ ಒಲೆಯ ಕೊಳವೆಗೂ ಇದೇ ಮಾತು. ಭೀಮಸಮುದ್ರ, ಹೊಳಲ್ಕೆರೆ ಕಡೆಯ ತೋಟದ ಮನೆಗಳಲ್ಲಿ ಇಂದಿಗೂ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ ಹಾಕಿ ಹಂಡೆ ಒಲೆ ಉರಿಸುವವರಿದ್ದಾರೆ. ಹಸಿ ಸಿಪ್ಪೆಯ ಹೊಗೆ ಕೊಳವೆಯೊಳಗೆ ಅಂಟಂಟು ಕಾಡಿಗೆಯಾಗಿ ಕಟ್ಟುತ್ತದೆ, ಆ ಕಾಡಿಗೆಗೇ ಬೆಂಕಿ ಹತ್ತಬಲ್ಲದು.

ತಲೆನೋವು ಬಂದರೆ ಮಾತ್ರೆ ಬೇಡ

ಕೊನೆಯ ಸೂಚನೆ ದೇಹದ್ದು, ತಡಮಾಡಲೇಬಾರದ್ದು. ಸ್ನಾನಕ್ಕೆ ಹೋದಾಗಲೆಲ್ಲ ತಲೆ ನೋಯುವುದು, ಹೊರಗೆ ಬಂದು ಜಗಲಿಯಲ್ಲಿ ಕೂತರೆ ಇಳಿಯುವುದು. ವಾಕರಿಕೆ, ತಲೆ ಸುತ್ತು. ಒಬ್ಬರಿಗಲ್ಲ, ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದ ಇಬ್ಬರು ಮೂವರಿಗೆ. ಮನೆಯವರು ಇದನ್ನು ‘ಪಿತ್ತ’ ಎನ್ನುತ್ತಾರೆ, ‘ಖಾಲಿ ಹೊಟ್ಟೆ’ ಎನ್ನುತ್ತಾರೆ. ಜ್ವರವಿಲ್ಲದ, ಜಾಗ ಬಿಟ್ಟರೆ ಹೋಗುವ ಆ ತಲೆನೋವು ಗೀಸರ್‌ನದು.

ಒಳಗೆ ಹೋದವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಒಡೆಯಬೇಕು. ಗೀಸರ್ ಆರಿಸಿ, ಕಿಟಕಿ ತೆರೆದು, ಮನುಷ್ಯನನ್ನು ಹೊರಗೆ ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು. ಎತ್ತಲು ಹೋದವರೂ ಅಲ್ಲೇ ಕುಸಿದ ಪ್ರಸಂಗಗಳಿವೆ. ಉಸಿರು ಬಿಗಿಹಿಡಿದು ಹೋಗಿ, ಬೇಗ ಎಳೆದುಕೊಂಡು ಬರುವುದೊಂದೇ ದಾರಿ. ಎಚ್ಚರವಾದರೂ ಆಸ್ಪತ್ರೆ ತಪ್ಪಿಸಬೇಡಿ. ರಕ್ತಕ್ಕೆ ಅಂಟಿದ ವಿಷ ಬರೀ ಗಾಳಿಯಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಮ್ಲಜನಕ ಕೊಟ್ಟರೆ ಒಂದು–ಒಂದೂವರೆ ಗಂಟೆ ಸಾಕು.

ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಈಗ ಎಷ್ಟೋ ಮನೆಗಳಲ್ಲಿದೆ. ಈ ಸಂದರ್ಭದಲ್ಲಿ ಅದನ್ನು ನಂಬಲೇಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಮನುಷ್ಯ ಕುಸಿಯುತ್ತಿದ್ದರೂ 98 ತೋರಿಸಬಲ್ಲದು. ವೈದ್ಯರಿಗೆ ‘ಗ್ಯಾಸ್ ಗೀಸರ್ ಇದ್ದ ಬಚ್ಚಲಲ್ಲಿ ಬಿದ್ದಿದ್ದರು’ ಎಂಬ ಒಂದು ಮಾತು ತಪ್ಪದೆ ಹೇಳಿ. ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಇದ್ದಿಲಿನ ಅಗ್ಗಿಷ್ಟಿಕೆಗೂ ಇದೇ ಅನ್ವಯ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಬೆಳಗ್ಗೆ ಏಳಲಿಲ್ಲ. ಬಾಣಂತಿ ಕೋಣೆಗೆ ಕೆಂಡದ ಬಟ್ಟಲು ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಸಾಂಬ್ರಾಣಿಗಾದರೆ ಐದು ನಿಮಿಷ, ಬಾಗಿಲು ತೆರೆದೇ ಇರಲಿ. ರಾತ್ರಿಯಿಡೀ ಕೆಂಡ ಬೇಡವೇ ಬೇಡ.

ವಾಸನೆ ಬಂದರೆ

ಮೇಲೆ ಹೇಳಿದ ವಿಷಕ್ಕೆ ವಾಸನೆ ಇಲ್ಲ. ಸೋರುವ ಅಡುಗೆ ಅನಿಲಕ್ಕೆ ವಾಸನೆ ಇದೆ, ಇರುವಂತೆ ಮಾಡಲಾಗಿದೆ. ಅನಿಲ ತನ್ನಷ್ಟಕ್ಕೆ ನಿರ್ಗಂಧ. ಕೊಳೆತ ಮೊಟ್ಟೆಯಂಥ ಆ ನಾತ ಎಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಹೀಗೆ ಬೆರೆಸುವುದು ಕಡ್ಡಾಯವಾದದ್ದರ ಹಿಂದೆ ದೊಡ್ಡ ದುರಂತವಿದೆ: 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬಲ್ಲಿ ಶಾಲೆಯ ನೆಲಮಾಳಿಗೆಯಲ್ಲಿ ತುಂಬಿದ್ದ ವಾಸನೆಯಿಲ್ಲದ ಅನಿಲ ಸಿಡಿದು ಮುನ್ನೂರರ ಹತ್ತಿರ ಜನ, ಬಹುಪಾಲು ಮಕ್ಕಳು, ಸತ್ತರು.

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲೆ ಹಾರಿಹೋಗುವುದಿಲ್ಲ, ನೀರಿನಂತೆ ನೆಲದ ಮೇಲೆ ಹರಿದು ತಗ್ಗು ಸೇರುತ್ತದೆ. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಬಳಿ ದೇವಸ್ಥಾನದಲ್ಲಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳಿಗೆ ಆದದ್ದು ಇದೇ. ರಾತ್ರಿ ಸಿಲಿಂಡರ್‌ನಿಂದ ಅನಿಲ ಸೋರಿ ಅವರು ಮಲಗಿದ್ದ ನೆಲದ ಮೇಲೇ ಹರಡಿತು, ಉರಿಯುತ್ತಿದ್ದ ದೀಪಕ್ಕೆ ತಗುಲಿತು. ಸುಟ್ಟ ಗಾಯವಾದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಒಬ್ಬೊಬ್ಬರಾಗಿ ತೀರಿಕೊಂಡರು.

ಆದ್ದರಿಂದ ಮಧ್ಯರಾತ್ರಿ ವಾಸನೆ ಬಂದಾಗ ಮೊದಲ ಕೈ ಸ್ವಿಚ್ಚಿಗೆ ಹೋಗಬಾರದು. ಲೈಟು ಹಾಕುವುದೂ ಬೇಡ, ಉರಿಯುತ್ತಿರುವ ಲೈಟು ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಇದೆ. ಎಕ್ಸಾಸ್ಟ್ ಫ್ಯಾನ್ ಹಾಕುವುದು ಅತಿಬುದ್ಧಿವಂತರು ಮಾಡುವ ತಪ್ಪು. ಕೈಗೆಟುಕಿದರೆ ರೆಗ್ಯುಲೇಟರ್ ಬಂದ್ ಮಾಡಿ, ಬಿಚ್ಚಿ, ಸಿಲಿಂಡರ್ ಬಾಯಿಗೆ ದಾರದ ಪ್ಲಾಸ್ಟಿಕ್ ಟೋಪಿ ಒತ್ತಿ. ದೇವರ ಮನೆಯ ದೀಪ ಉರಿಯುತ್ತಿದ್ದು ಅಲ್ಲಿಯವರೆಗೆ ವಾಸನೆ ಹರಡಿಲ್ಲವಾದರೆ ಶಾಂತಿ ಮಾಡಿ. ಕೆಳಮಟ್ಟದ ಬಾಗಿಲು, ಹಿತ್ತಲ ಬಾಗಿಲು ತೆರೆದು ಎಲ್ಲರೂ ಹೊರಗೆ. ಫೋನು ಅಂಗಳ ದಾಟಿದ ಮೇಲೆ: 1906. ಮೂರೂ ತೈಲ ಕಂಪನಿಗಳ ಗ್ರಾಹಕರಿಗೆ ಹಗಲು ರಾತ್ರಿ ಇರುವ ಅನಿಲ ಸೋರಿಕೆಯ ಸಹಾಯವಾಣಿ ಇದು. ಬೆಂಕಿ ಹತ್ತಿದ್ದರೆ 112. ಹಳ್ಳಿಯಲ್ಲಿರುವವರು ಒಂದು ಮಾತು ಮರೆಯಬಾರದು, ಚಿತ್ರದುರ್ಗದಿಂದ ಹಿರೇಗುಂಟನೂರಿಗೆ ಯಾವ ವಾಹನವೂ ಎರಡು ನಿಮಿಷದಲ್ಲಿ ಬರುವುದಿಲ್ಲ. ಮೊದಲ ಹತ್ತು ನಿಮಿಷ ಮನೆಯವರದ್ದೇ.

ವಾಸನೆ ಸಣ್ಣಗೆ ಬಂದು ಹೋಗುತ್ತಿದ್ದರೆ ಎಲ್ಲಿಂದ ಎಂದು ಹುಡುಕಲು ಕಡ್ಡಿ ಗೀರುವವರು ಇಂದಿಗೂ ಇದ್ದಾರೆ ಎಂದರೆ ನಂಬಬೇಕು. ಸೋಪಿನ ನೊರೆ ಸಾಕು. ರೆಗ್ಯುಲೇಟರ್ ಕೂರುವಲ್ಲಿ, ಟ್ಯೂಬಿನ ಎರಡೂ ತುದಿಗೆ ಹಚ್ಚಿದರೆ ಗುಳ್ಳೆ ಏಳುವ ಕಡೆ ಸೋರಿಕೆ. ಸಿಲಿಂಡರ್ ಬಾಯಿಯೊಳಗಿನ ಕಪ್ಪು ರಬ್ಬರ್ ಉಂಗುರ ಹರಿದಿರುವುದು ಅತಿ ಸಾಮಾನ್ಯ ಕಾರಣ. ಸಿಲಿಂಡರ್ ತಂದವರು ಹೋಗುವ ಮೊದಲೇ ನೋಡಿಸಿಕೊಳ್ಳಬೇಕು. ಗುಳ್ಳೆ ರೆಗ್ಯುಲೇಟರ್‌ನ ಮೈಯಿಂದಲೇ ಎದ್ದರೆ ಅದನ್ನು ರಿಪೇರಿ ಮಾಡುವಂತಿಲ್ಲ, ಏಜೆನ್ಸಿಯಲ್ಲಿ ಬದಲಿಸಿಕೊಳ್ಳಬೇಕು.

ಟ್ಯೂಬು ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಆಗಿರಲಿ, ಒಂದೂವರೆ ಮೀಟರ್ ಮೀರದಿರಲಿ, ಐದು ವರ್ಷಕ್ಕೊಮ್ಮೆ ಬದಲಾಗಲಿ. ಬಗ್ಗಿಸಿ ನೋಡಿದಾಗ ಬಿರುಕು ಕಂಡರೆ ಐದು ವರ್ಷ ಕಾಯುವುದೂ ಬೇಡ. ಇಲಿ ಕಡಿದ ಟ್ಯೂಬಿಗೆ ಇನ್ಸುಲೇಷನ್ ಟೇಪ್ ಸುತ್ತುವುದು, ಒಂದೇ ಸಿಲಿಂಡರ್‌ಗೆ ಟಿ–ಜಾಯಿಂಟ್ ಹಾಕಿ ಒಲೆಗೊಂದು ಗೀಸರ್‌ಗೊಂದು ಕವಲು ಎಳೆಯುವುದು, ಇವೆರಡೂ ನಮ್ಮ ಊರುಗಳ ಜುಗಾಡು. ಸಿಲಿಂಡರ್ ಹಿಡಿಕೆಯ ಒಳಮುಖದಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರವೊಂದು, ಪಕ್ಕದಲ್ಲಿ ಎರಡಂಕಿಯ ವರ್ಷ ಬರೆದಿರುತ್ತದೆ. ಎ ಅಂದರೆ ಮಾರ್ಚ್‌ವರೆಗಿನ ಮೂರು ತಿಂಗಳು, ಬಿ ಜೂನ್‌, ಸಿ ಸೆಪ್ಟೆಂಬರ್‌, ಡಿ ಡಿಸೆಂಬರ್‌ವರೆಗೆ. ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕಾದ ಗಡುವು ಅದು. ಗಡುವು ದಾಟಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುವ ಹಕ್ಕು ಗ್ರಾಹಕರಿಗಿದೆ.

ವಿಮೆಯದ್ದೂ ಒಂದು ಮಾತು, ಬಹಳ ಮಂದಿಗೆ ತಿಳಿಯದ್ದು. ಮನೆ ಸಂಪರ್ಕದ ಎಲ್‌ಪಿಜಿ ಅವಘಡಗಳಿಗೆ ತೈಲ ಕಂಪನಿಗಳು ಹೊಣೆಗಾರಿಕೆ ವಿಮೆ ಮಾಡಿಸಿವೆ; ಗ್ರಾಹಕರು ಬೇರೆ ಕಂತು ಕಟ್ಟಬೇಕಿಲ್ಲ. ಸಾವು ಸಂಭವಿಸಿದರೆ ತಲಾ 6 ಲಕ್ಷ ರೂಪಾಯಿವರೆಗೆ ಪರಿಹಾರವಿದೆ. ಏಜೆನ್ಸಿಗೆ ಕೂಡಲೇ ಲಿಖಿತ ಮಾಹಿತಿ ಕೊಡಬೇಕು. ಆಸ್ತಿ ನಷ್ಟದ ಪರಿಹಾರ ನೋಂದಾಯಿತ ವಿಳಾಸದ ಮನೆಗೆ ಮಾತ್ರ.

ಮೆಕ್ಯಾನಿಕ್ ಬಂದಾಗ ಏನು ಕೇಳಬೇಕು

‘ಸ್ಟೌ ರಿಪೇರೀ…’ ಎಂದು ಕೂಗುತ್ತ ಬೀದಿಯಲ್ಲಿ ಬರುವವರ ಕೈಚಳಕದ ಬಗ್ಗೆ ತಕರಾರಿಲ್ಲ. ಬರ್ನರ್, ಸ್ಟ್ಯಾಂಡು, ನಾಬ್‌ಗೆ ಅವರು ಸಾಕು. ಗೀಸರ್ ಮತ್ತು ರೆಗ್ಯುಲೇಟರ್‌ಗೆ ಮಾತ್ರ ಕಂಪನಿಯ ಸರ್ವಿಸ್ ಕೇಂದ್ರ ಅಥವಾ ಗ್ಯಾಸ್ ಏಜೆನ್ಸಿಯ ಗುರುತಿನ ಚೀಟಿ ಇರುವ ಮೆಕ್ಯಾನಿಕ್. ಬಂದವರು ಸೆಲ್ ಬದಲಿಸಿ, ಹೊರಗಿನ ಧೂಳು ಒರೆಸಿ ಹೋದರೆ ಸರ್ವಿಸ್ ಆಗಲಿಲ್ಲ. ಮುಚ್ಚಳ ಬಿಚ್ಚಿಸಿ. ಬರ್ನರ್, ತಾಮ್ರದ ರೆಕ್ಕೆಗಳ ಮಸಿ ತೆಗೆದರೇ, ಹೊಗೆಕೊಳವೆ ಎಳೆಯುತ್ತಿದೆಯೇ, ನೀರಿನ ಒತ್ತಡ ನಿಂತರೆ ಉರಿ ತಾನೇ ಆರುತ್ತದೆಯೇ ಎಂಬುದನ್ನು ಎದುರಿಗೆ ತೋರಿಸಲು ಹೇಳಿ. ಮುಖ್ಯವಾಗಿ ಕೇಳಬೇಕಾದ್ದು: ‘ಇದನ್ನು ಹೊರಗೆ ಹಾಕಿಕೊಡುತ್ತೀರಾ?’

ಏಕೆಂದರೆ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇರುವುದೇ ತಪ್ಪು. ಹಿತ್ತಲ ಗೋಡೆಯ ಹೊರಮೈಗೆ, ಮಳೆ ಬೀಳದ ತಗಡಿನ ಮರೆಯಲ್ಲಿ ಡಬ್ಬಿ ಹಾಕಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬಿಟ್ಟರೆ ಈ ಲೇಖನದ ಅರ್ಧ ಭಾಗ ಓದುವ ಅಗತ್ಯವೇ ಇರುವುದಿಲ್ಲ. ಖರ್ಚು ಕೆಲವು ಅಡಿ ಪೈಪಿನದು. ಅದಾಗುವವರೆಗೆ ಬಕೆಟ್ಟು ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದು ಐದು ನಿಮಿಷ ಬಿಟ್ಟು ಸ್ನಾನಕ್ಕೆ ಹೋಗುವುದು. ಮನೆಯವರೆಲ್ಲ ಸಾಲಾಗಿ ಸ್ನಾನ ಮಾಡುವ ಹಬ್ಬದ ಬೆಳಗ್ಗೆಗಳಲ್ಲಂತೂ ಇದು ತಪ್ಪಬಾರದು. ಮೊದಲನೆಯವರು ಬಿಟ್ಟ ವಿಷವನ್ನು ನಾಲ್ಕನೆಯವರು ಕುಡಿಯುತ್ತಾರೆ. ವರ್ಷದ ಬಹುಪಾಲು ಬಿಸಿಲು ಕಾಯುವ ಚಿತ್ರದುರ್ಗದಲ್ಲಿ ಸೋಲಾರ್ ಹಾಕಿಸುವ ಶಕ್ತಿ ಇರುವವರು ಗ್ಯಾಸ್ ಗೀಸರ್ ಕೊಳ್ಳುವುದೇಕೆ ಎಂಬುದು ಬೇರೆ ಪ್ರಶ್ನೆ.

ಮಕ್ಕಳು ಚಿಕಾಗೋ, ಟೊರೊಂಟೊ ಕಡೆ ಇರುವ ತಂದೆತಾಯಂದಿರಿಗೂ ಇಲ್ಲಿ ಎರಡು ಮಾತು. ಅಲ್ಲಿನ ಮನೆಗಳ ನೆಲಮಾಳಿಗೆಯಲ್ಲಿ ಫರ್ನೇಸ್ ಎಂಬ ಅನಿಲದ ಒಲೆ ಇಡೀ ಮನೆಗೆ ಬಿಸಿಗಾಳಿ ಕಳಿಸುತ್ತಿರುತ್ತದೆ. ಸೂಚನೆಗಳು ಇವೇ: ಹಳದಿ ಉರಿ, ಮಸಿ, ಹೊತ್ತುವಾಗ ಧಡ್ ಸದ್ದು, ನಿಮಿಷ ನಿಮಿಷಕ್ಕೆ ಆರಿ ಹೊತ್ತುವುದು, ಕೊಳೆತ ಮೊಟ್ಟೆಯ ವಾಸನೆ. ಹಿಮ ಬಿದ್ದ ಬೆಳಗ್ಗೆ ಹೊರಗೋಡೆಯ ಹೊಗೆಕೊಳವೆಯ ಬಾಯಿ ಮುಚ್ಚಿದೆಯೇ ನೋಡಬೇಕು. ಸೂರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ ಸೆಲ್ ಕಿತ್ತು ಸುಮ್ಮನಾಗಿಸದೆ, ಮೊಮ್ಮಕ್ಕಳನ್ನು ಎತ್ತಿಕೊಂಡು ಕೋಟು ಸಿಕ್ಕದಿದ್ದರೂ ಹೊರಗೆ ಬರಬೇಕು. ಇತ್ತ ನಮ್ಮ ಊರಿನ ಮನೆಗೂ ಅಂಥದ್ದೊಂದು ಅಲಾರಂ ಬೇಕಾದರೆ ಆನ್‌ಲೈನಿನಲ್ಲಿ ಸಿಗುತ್ತದೆ. ಅಮೆರಿಕದಿಂದ ಬರುವಾಗ ಚಾಕೊಲೇಟಿನ ಜೊತೆ ಒಂದು ತನ್ನಿ ಎಂದು ಮಕ್ಕಳಿಗೆ ಹೇಳಿದರೂ ಆಯಿತು.

ಕಾಲೇಜು, ಕೆಲಸಕ್ಕೆಂದು ಚಿತ್ರದುರ್ಗದಲ್ಲೋ ಬೆಂಗಳೂರಿನಲ್ಲೋ ಕೋಣೆ ಹಿಡಿಯಲು ಹೊರಟ ಮಕ್ಕಳಿದ್ದರೆ, ಮುಂಗಡ ಕೊಡುವ ಮೊದಲು ಬಚ್ಚಲ ಬಾಗಿಲು ತೆಗೆಸಿ ನೋಡಿ. ಒಳಗೆ ಗ್ಯಾಸ್ ಗೀಸರ್ ಇದ್ದು, ಕಿಟಕಿ ಮುಚ್ಚಿದ್ದು, ಸೂರಿನಲ್ಲಿ ಕಪ್ಪು ಕಲೆ ಕಂಡರೆ, ಮಾಲೀಕರು ಅದನ್ನು ಹೊರಗೆ ಹಾಕಿಸಿಕೊಡುವವರೆಗೆ ಆ ಮನೆ ಬೇಡ. 1906 ಎಂಬ ಸಂಖ್ಯೆಯನ್ನು ಅಡುಗೆಮನೆ ಬಾಗಿಲ ಹಿಂದೆ ಇವತ್ತೇ ದಪ್ಪಗೆ ಬರೆದಿಡಿ. ಈ ಸಲದ ನೀರು ತುಂಬುವ ಹಬ್ಬಕ್ಕೆ ವಾರ ಮೊದಲು ಗೀಸರ್ ಮೆಕ್ಯಾನಿಕ್‌ಗೆ ಫೋನು ಮಾಡಿ. ಹಬ್ಬದ ಹಿಂದಿನ ದಿನ ಕರೆದರೆ ಅವರು ಸಿಗುವುದಿಲ್ಲ.